ಮೊದಲ ಗ್ರೈಂಡರ್ ತಗೊಳ್ಳುವವರಿಗೆ: ಮಿಷಿನ್ ಒಂದು ಸಾಕು, ವೀಲ್ ನೋಡಿ ತಗೊಳ್ಳಿ

ಮನೆಯಲ್ಲೇ ಸಣ್ಣದಾಗಿ ಕಬ್ಬಿಣದ ಕೆಲಸ ಶುರು ಮಾಡಬೇಕು ಅನ್ನುವವರು ಉದ್ದದ ಪಟ್ಟಿ ಹಿಡಿದುಕೊಂಡೇ ಬರುತ್ತಾರೆ. ಆಂಗಲ್ ಗ್ರೈಂಡರ್, ಬೆಂಚ್ ಗ್ರೈಂಡರ್, ಬೆಲ್ಟ್ ಸ್ಯಾಂಡರ್, ಆರ್ಬಿಟಲ್ ಸ್ಯಾಂಡರ್, ಸಾಲದ್ದಕ್ಕೆ ಒಂದು ಚಾಪ್ ಸಾ. ಕೈಯಲ್ಲಿ ಇರುವುದು ಐದು ಸಾವಿರ. ಅಷ್ಟರಲ್ಲಿ ಎಲ್ಲವೂ ಬರಬೇಕು ಅಂದರೆ ಎಲ್ಲವೂ ಕಳಪೆಯೇ ಬರುತ್ತದೆ. ನಾನು ಕೇಳಿದವರಿಗೆಲ್ಲ ಹೇಳುವುದು ಇಷ್ಟೇ. ಮೊದಲಿಗೆ ಒಂದು ಒಳ್ಳೆಯ ನಾಲ್ಕಿಂಚಿನ ಆಂಗಲ್ ಗ್ರೈಂಡರ್, ಅಂದರೆ ಕೈಯಲ್ಲಿ ಹಿಡಿದು ನಾಲ್ಕಿಂಚಿನ ವೀಲ್ ತಿರುಗಿಸಿ ಕಬ್ಬಿಣ ಕತ್ತರಿಸುವ, ತಿಕ್ಕುವ ಮಿಷಿನ್ ತಗೊಳ್ಳಿ. ಉಳಿದ ದುಡ್ಡನ್ನು ವೀಲ್‌ಗಳಿಗೆ ಮತ್ತು ಕಣ್ಣು ಕಾಪಾಡುವ ಸಾಮಾನಿಗೆ ಇಡಿ. ಸ್ಯಾಂಡರ್ ಬೇರೆ ಬೇಡ, ಈ ಮಿಷಿನ್ನಿಗೆ ಎಮೆರಿ ಪೇಪರ್ ಎಲೆಗಳಿರುವ ಫ್ಲಾಪ್ ಡಿಸ್ಕ್ ಹಾಕಿದರೆ ಅದೇ ಸ್ಯಾಂಡರ್.

ನಿಮ್ಮ ಏರಿಯಾದಲ್ಲಿ ಗೇಟು, ಗ್ರಿಲ್ ಮಾಡುವ ಅಂಗಡಿಗೆ ಹೋಗಿ ನೋಡಿ. ಅಲ್ಲಿ ಇದನ್ನು ಯಾರೂ ಆಂಗಲ್ ಗ್ರೈಂಡರ್ ಅನ್ನುವುದಿಲ್ಲ, "ಎಜಿ ಫೋರ್" ಅನ್ನುತ್ತಾರೆ. ದೊಡ್ಡದಕ್ಕೆ ಎಜಿ ಸೆವೆನ್. ಇಡೀ ಅಂಗಡಿ ಒಂದು ವೆಲ್ಡಿಂಗ್ ಮಿಷಿನ್, ಒಂದು ಡ್ರಿಲ್, ಎರಡು ಎಜಿ ಫೋರ್ ಮೇಲೆ ನಡೆಯುತ್ತಿರುತ್ತದೆ. ಒಂದರಲ್ಲಿ ಕಟಿಂಗ್ ವೀಲ್ ಹಾಕಿಯೇ ಇರುತ್ತದೆ, ಇನ್ನೊಂದರಲ್ಲಿ ಗ್ರೈಂಡಿಂಗ್ ವೀಲ್. ಪ್ರತಿ ಸಲ ಬಿಚ್ಚಿ ಹಾಕುವ ಕಾಟ ತಪ್ಪಲಿ ಅಂತ. ನಮ್ಮ ರಸ್ತೆಯ ವೆಲ್ಡಿಂಗ್ ಅಂಗಡಿಯವರು ನನಗೆ ಹೇಳಿದ್ದು ಇದು: "ಸಾರ್, ಮಿಷಿನ್ ಯಾವ ಕಂಪನಿದಾದ್ರೂ ತಗೊಳ್ಳಿ, ವೀಲ್ ಮಾತ್ರ ಚೀಪ್ ತಗೋಬೇಡಿ." ಮಾತಿನ ಎರಡನೇ ಭಾಗ ನೂರಕ್ಕೆ ನೂರು ನಿಜ. ಮೊದಲ ಭಾಗವನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ಯಾಕೆ ಅಂದರೆ ಆನ್‌ಲೈನಿನಲ್ಲಿ ಸಾವಿರದಿಂದ ಸಾವಿರದ ಐನೂರು ರೂಪಾಯಿಗೆ ಸಿಗುವ ಹೆಸರಿಲ್ಲದ ಗ್ರೈಂಡರ್‌ಗಳ ಮೇಲೆ 850 ವಾಟ್, 1000 ವಾಟ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅಂಥದ್ದೊಂದನ್ನು ನಾನು ಸ್ವಲ್ಪ ಕಾಲ ಬಳಸಿದ್ದೇನೆ, ಹೆಸರು ಬೇಡ. ನಾಲ್ಕು ಎಂಎಂ ದಪ್ಪದ ಆಂಗಲ್ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಮೇಲೆ ಸ್ವಲ್ಪ ಒತ್ತಿದರೆ ಸಾಕು, ಸ್ಪೀಡ್ ಇಳಿದು ಮಿಷಿನ್ ನರಳುತ್ತಿತ್ತು. ಮುಂದಿನ ಗೇರ್ ಹೆಡ್ ಕೈ ಇಡಲಾಗದಷ್ಟು ಬಿಸಿ. ಹಿಂದಿನ ಗಾಳಿ ಕಿಂಡಿಯಿಂದ ಸುಟ್ಟ ವಾರ್ನಿಶ್ ವಾಸನೆ. ಮೋಟಾರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಬದಲಾಯಿಸೋಣ ಅಂದರೆ ಆ ಅಳತೆಯ ಬ್ರಷ್ ಎಲ್ಲೂ ಸಿಗಲಿಲ್ಲ. ಹೆಸರಿಲ್ಲದ ಮಿಷಿನ್ನಿನ ನಿಜವಾದ ತೊಂದರೆ ಇದೇ. ಕೆಟ್ಟಾಗ ಅದಕ್ಕೆ ಸಾಮಾನು ಸಿಗುವುದಿಲ್ಲ, ಹಾಗಾಗಿ ಸೀದಾ ಗುಜರಿಗೆ.

ಈಗ ನನ್ನ ಹತ್ತಿರ ಇರುವುದು ಬಾಷ್ ಜಿಡಬ್ಲ್ಯೂಎಸ್ 600. ಬೆಲೆ ಸಾಮಾನ್ಯವಾಗಿ ಎರಡರಿಂದ ಎರಡೂವರೆ ಸಾವಿರದ ಒಳಗೆ ಓಡಾಡುತ್ತಿರುತ್ತದೆ. ಆರುನೂರು ಚಿಲ್ಲರೆ ವಾಟ್ ಅಷ್ಟೇ, ಆದರೆ ಆ ಅಗ್ಗದ "1000 ವಾಟ್"ಗಿಂತ ಕೆಲಸ ಜಾಸ್ತಿ ಮಾಡುತ್ತದೆ. ಒಂದು ಇಂಚಿನ ಸ್ಕ್ವೇರ್ ಪೈಪ್, ಒಂದೂವರೆ ಇಂಚಿನ ಆಂಗಲ್, ಐದಾರು ಎಂಎಂ ಪಟ್ಟಿ, ಹತ್ತು ಹನ್ನೆರಡು ಎಂಎಂ ಸರಳು, ಇವೆಲ್ಲ ಆರಾಮಾಗಿ ಕಟ್ ಆಗುತ್ತವೆ. ಮೈ ತೆಳ್ಳಗಿದೆ, ಕೈ ಸಣ್ಣದಿರುವವರಿಗೂ ಹಿಡಿತ ಸಿಗುತ್ತದೆ. ಇದರ ಮಿತಿಯೂ ಹೇಳಬೇಕು. ವೆಲ್ಡಿಂಗ್ ಗಂಟನ್ನು ಬಿಡದೆ ಹತ್ತು ಹದಿನೈದು ನಿಮಿಷ ತಿಕ್ಕುತ್ತಾ ಇದ್ದರೆ ಬಿಸಿಯಾಗುತ್ತದೆ. ಆಗ ಲೋಡ್ ಇಲ್ಲದೆ ಒಂದು ನಿಮಿಷ ಸುಮ್ನೆ ಓಡಿಸಿ ಬಿಡಬೇಕು, ಒಳಗಿನ ಫ್ಯಾನ್ ತಣ್ಣಗೆ ಮಾಡುತ್ತದೆ. ದಿನವಿಡೀ ಕೆಲಸ ಇರುವವರು ಒಂದು ಮೆಟ್ಟಿಲು ಮೇಲೆ ಹೋಗಿ ಡಿವಾಲ್ಟ್ ಡಿಡಬ್ಲ್ಯೂ 801 ನೋಡಬಹುದು. ಅದು 850 ವಾಟ್, ಅದೇ ನಾಲ್ಕಿಂಚು, ಒತ್ತಿದರೂ ಸ್ಪೀಡ್ ಬೀಳುವುದು ಕಮ್ಮಿ, ತೂಕ ಸ್ವಲ್ಪ ಜಾಸ್ತಿ. ಮಕೀಟಾ, ಹಿಕೋಕಿ ಕೂಡ ಈ ಸಾಲಿನಲ್ಲಿ ಬರುತ್ತವೆ. ಹಿಕೋಕಿ ಅಂದರೆ ಹೊಸ ಕಂಪನಿ ಏನಲ್ಲ, ಹಳೆಯ ಹಿಟಾಚಿಯೇ 2018ರಲ್ಲಿ ಹೆಸರು ಬದಲಾಯಿಸಿಕೊಂಡಿದ್ದು. ಹವ್ಯಾಸಕ್ಕೆ, ಭಾನುವಾರದ ಕೆಲಸಕ್ಕೆ ಆರುನೂರು ವಾಟ್ ಸಾಕು. ಮನೆಯ ಆರು ಆಂಪ್ ಸಾಕೆಟ್ಟಿನಲ್ಲೇ ಓಡುತ್ತದೆ, 230 ವೋಲ್ಟಿಗೆ ಮೂರು ಆಂಪ್ ಹತ್ತಿರ ಎಳೆಯುತ್ತದೆ ಅಷ್ಟೇ.

ಐದಿಂಚು ತಗೊಂಡರೆ ಒಳ್ಳೆಯದಲ್ವಾ ಅಂತ ಕೇಳುತ್ತಾರೆ. ಅದಕ್ಕೆ ಒಂದು ಲೆಕ್ಕ ಇದೆ. ನಮ್ಮಲ್ಲಿ ನಾಲ್ಕಿಂಚಿನ, ಅಂದರೆ 100 ಎಂಎಂ ವೀಲ್ ಯಾವ ಹಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ನಡುವಿನ ತೂತು 16 ಎಂಎಂ, ವೀಲ್ ಕೂರುವ ಮಿಷಿನ್ನಿನ ಸ್ಪಿಂಡಲ್ ಮೇಲಿನ ತಿರುಪಿನ ದಾರ (ಥ್ರೆಡ್) ಎಂ10. ಐದಿಂಚಿನದಕ್ಕೆ ತೂತು 22 ಎಂಎಂ ಚಿಲ್ಲರೆ, ದಾರ ಎಂ14. ಅದರ ವೀಲ್ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಯಂಥ ಊರಲ್ಲಿ ಸುಲಭ. ತಾಲ್ಲೂಕು ಊರಲ್ಲಿ ಹುಡುಕಬೇಕಾಗುತ್ತದೆ, ಬೆಲೆಯೂ ಹೆಚ್ಚು. ಆನ್‌ಲೈನಿನಲ್ಲಿ ತರಿಸುವ ಅಟ್ಯಾಚ್‌ಮೆಂಟ್‌ಗಳಲ್ಲಿ ಬಹಳಷ್ಟು ಎಂ14 ದಾರದ್ದೇ ಇರುತ್ತವೆ, ನಾಲ್ಕಿಂಚಿನ ಮಿಷಿನ್ನಿಗೆ ಕೂರುವುದಿಲ್ಲ. ಕಪ್ ಬ್ರಷ್, ರಬ್ಬರ್ ಪ್ಯಾಡ್ ಏನೇ ತರಿಸುವ ಮುಂಚೆ ದಾರ ಎಂ10 ಅಂತ ಬರೆದಿದೆಯಾ ನೋಡಿಕೊಳ್ಳಿ.

ಈಗ ವೀಲ್ ವಿಷಯಕ್ಕೆ ಬರೋಣ. ಇಲ್ಲಿ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ. ನಾಲ್ಕಿಂಚಿನ ಮಿಷಿನ್ ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ ಅಂತಿಟ್ಟುಕೊಳ್ಳಿ. ಆಗ ವೀಲಿನ ಅಂಚು ಗಂಟೆಗೆ 200 ಕಿಲೋಮೀಟರ್‌ಗಿಂತ ಜೋರಾಗಿ ಓಡುತ್ತಿರುತ್ತದೆ. ಆ ವೇಗದಲ್ಲಿ ಒಂದು ಎಂಎಂ ದಪ್ಪದ ಕಟಿಂಗ್ ವೀಲ್ ಚೂರಾದರೆ ಚೂರು ಎತ್ತ ಹೋಗುತ್ತದೆ ಅಂತ ಯಾರೂ ಹೇಳಲಾಗದು. ಒಳ್ಳೆಯ ವೀಲಿನ ಮೇಲೆ 80 ಮೀಟರ್ ಪರ್ ಸೆಕೆಂಡ್, ಗರಿಷ್ಠ 15,300 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಅಂತ ಅಚ್ಚಾಗಿರುತ್ತದೆ. ಈ ಸಂಖ್ಯೆ ನಿಮ್ಮ ಮಿಷಿನ್ನಿನ ಆರ್‌ಪಿಎಂಗಿಂತ ಜಾಸ್ತಿ ಇರಲೇಬೇಕು. ವೀಲ್ ಮುಚ್ಚುವ ತಗಡು, ಅಂದರೆ ಗಾರ್ಡ್ ಬಿಚ್ಚಿ ನಾಲ್ಕಿಂಚಿನ ಮಿಷಿನ್ನಿಗೆ ಏಳಿಂಚಿನ ವೀಲ್ ಸಿಕ್ಕಿಸುವವರನ್ನು ನಾನೇ ನೋಡಿದ್ದೇನೆ. ಏಳಿಂಚಿನ ವೀಲಿನ ಮಿತಿ 8,500 ಆರ್‌ಪಿಎಂ. ಅದನ್ನು 11,000ಕ್ಕೆ ತಿರುಗಿಸುವುದು ಅಂದರೆ ಬಾಂಬ್ ಕೈಯಲ್ಲಿ ಹಿಡಿದುಕೊಂಡ ಹಾಗೆ. ದಯವಿಟ್ಟು ಮಾಡಬೇಡಿ. ಮರ ಕೊಯ್ಯುವ ಹಲ್ಲಿನ ಬ್ಲೇಡ್ ಕೂಡ ಇದಕ್ಕೆ ಹಾಕಬೇಡಿ.

ವೀಲಿನ ನಡುವೆ ಇರುವ ಲೋಹದ ಬಳೆ ನೋಡಿದ್ದೀರಾ? ಅದರ ಮೇಲೆ ಸಣ್ಣ ಅಕ್ಷರದಲ್ಲಿ ತಿಂಗಳು, ವರ್ಷ ಒತ್ತಿರುತ್ತಾರೆ. ಅದು ಎಕ್ಸ್‌ಪೈರಿ. ಈ ವೀಲ್‌ಗಳಲ್ಲಿ ಕಣಗಳನ್ನು ಹಿಡಿದಿಟ್ಟಿರುವುದು ರೆಸಿನ್ ಅನ್ನುವ ಅಂಟು, ಅದು ತೇವ ಹೀರಿಕೊಂಡು ಕಾಲಕ್ರಮೇಣ ಬಲ ಕಳೆದುಕೊಳ್ಳುತ್ತದೆ. ಸಾಮಾನ್ಯವಾಗಿ ತಯಾರಾದ ಮೂರು ವರ್ಷಕ್ಕೆ ಅವಧಿ ಮುಗಿಯುತ್ತದೆ. ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದ ಡಬ್ಬದಿಂದ "ಕಮ್ಮಿ ರೇಟಿಗೆ ಕೊಡ್ತೀನಿ ತಗೊಳ್ಳಿ" ಅಂದರೆ ಮೊದಲು ಆ ಬಳೆ ತಿರುಗಿಸಿ ಓದಿ. ಮಲೆನಾಡು, ಕರಾವಳಿ ಕಡೆಯವರು ಮಳೆಗಾಲದಲ್ಲಿ ವೀಲ್‌ಗಳನ್ನು ಮುಚ್ಚಳ ಬಿಗಿಯಾಗಿರುವ ಡಬ್ಬದಲ್ಲಿ, ಚಪ್ಪಟೆಯಾಗಿ ಮಲಗಿಸಿ ಇಡಬೇಕು. ಮೊಳೆಗೆ ನೇತು ಹಾಕಿದರೆ ತೆಳು ವೀಲ್ ಸೊಟ್ಟಗಾಗುತ್ತದೆ.

ಬ್ರಾಂಡ್ ವಿಷಯದಲ್ಲಿ ಕುಮಿ ಅಥವಾ ನಾರ್ಟನ್ ತಗೊಂಡರೆ ತಲೆನೋವಿಲ್ಲ. ಕುಮಿ ಅಂದರೆ ಚೆನ್ನೈನ ಕಾರ್ಬೊರಂಡಂ ಯೂನಿವರ್ಸಲ್, 1954ರಿಂದ ಇರುವ ಕಂಪನಿ. ನಾರ್ಟನ್ ಮಾಡುವ ಗ್ರೈಂಡ್‌ವೆಲ್ ನಾರ್ಟನ್‌ನ ಒಂದು ಕಾರ್ಖಾನೆ ನಮ್ಮ ಬೆಂಗಳೂರಿನಲ್ಲೇ ಇದೆ. ಇವರ ನಾಲ್ಕಿಂಚಿನ ಕಟಿಂಗ್ ವೀಲ್ ಬಿಡಿಯಾಗಿ ಇಪ್ಪತ್ತರಿಂದ ನಲವತ್ತು ರೂಪಾಯಿಗೆ ಸಿಗುತ್ತದೆ, ಡಬ್ಬದ ಲೆಕ್ಕದಲ್ಲಿ ತಗೊಂಡರೆ ಇನ್ನೂ ಕಮ್ಮಿ. ಹತ್ತು ರೂಪಾಯಿಯ ವೀಲ್ ಎರಡು ಪೈಪ್ ಕತ್ತರಿಸುವಷ್ಟರಲ್ಲಿ ಅರ್ಧ ಸವೆದಿರುತ್ತದೆ. ಉಳಿತಾಯ ಎಲ್ಲಿ ಬಂತು?

ಹೊಸಬರಿಗೆ ಮೂರು ಬಗೆ ಸಾಕು. 1 ಅಥವಾ 1.2 ಎಂಎಂ ಕಟಿಂಗ್ ವೀಲ್ ಒಂದಷ್ಟು. 6 ಎಂಎಂ ದಪ್ಪದ ಗ್ರೈಂಡಿಂಗ್ ವೀಲ್ ಒಂದು. ಆಮೇಲೆ ಫ್ಲಾಪ್ ಡಿಸ್ಕ್. ಕಟಿಂಗ್ ವೀಲಿನ ಪಕ್ಕದಿಂದ ಯಾವತ್ತೂ ತಿಕ್ಕಬೇಡಿ, ಅದಕ್ಕೆ ಪಕ್ಕದ ಒತ್ತಡ ತಡೆಯುವ ಶಕ್ತಿ ಇಲ್ಲ. ಕಟ್ ಮಾಡುವಾಗ ಪೈಪ್ ಬಾಗಿ ಸೀಳು ಮುಚ್ಚಿಕೊಂಡರೆ ವೀಲ್ ಸಿಕ್ಕಿಹಾಕಿಕೊಂಡು ಮಿಷಿನ್ ಕೈಯಿಂದ ಹಾರುತ್ತದೆ, ಹಾಗಾಗಿ ಕತ್ತರಿಸಿ ಬೀಳುವ ತುದಿ ಯಾವಾಗಲೂ ತಾನಾಗಿ ಕೆಳಗೆ ಬೀಳುವ ಹಾಗೆ ಪೈಪನ್ನು ವೈಸಿಗೆ (ಬಿಗಿಯಾಗಿ ಹಿಡಿಯುವ ಇಕ್ಕಳದಂಥ ಸಾಧನ) ಕಟ್ಟಿ. ಎರಡೂ ಕಡೆ ಇಟ್ಟಿಗೆ ಕೊಟ್ಟು ನಡುವೆ ಕತ್ತರಿಸುವುದು ಅಪಾಯ.

ಫ್ಲಾಪ್ ಡಿಸ್ಕ್ ಬಗ್ಗೆ ನನಗೆ ವಿಶೇಷ ಪ್ರೀತಿ. ಎಮೆರಿ ಪೇಪರ್‌ನ ಸಣ್ಣ ಸಣ್ಣ ಎಲೆಗಳನ್ನು ಒಂದರ ಮೇಲೊಂದು ಅಂಟಿಸಿ ಸುತ್ತಲೂ ಜೋಡಿಸಿರುತ್ತಾರೆ. ಮೇಲಿನ ಎಲೆ ಸವೆದಂತೆ ಕೆಳಗಿನದು ಹೊರಗೆ ಬರುತ್ತದೆ. ದಪ್ಪ ಗ್ರೈಂಡಿಂಗ್ ವೀಲಿನ ಹಾಗೆ ಲೋಹವನ್ನು ಕೊರೆದು ಹಳ್ಳ ಮಾಡುವುದಿಲ್ಲ, ಸಮನಾಗಿ ಸವರುತ್ತದೆ, ಕೈ ಇನ್ನೂ ಪಳಗದವರಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಗ್ರಿಟ್ ಸಂಖ್ಯೆ ಹೆಚ್ಚಾದಷ್ಟೂ ಕಣ ನುಣುಪು. ವೆಲ್ಡಿಂಗ್ ಗಂಟಿಗೆ 40 ಗ್ರಿಟ್, ಸಾಮಾನ್ಯ ಕೆಲಸಕ್ಕೆ 60 ಅಥವಾ 80, ಪೇಂಟ್‌ಗೆ ಮುಂಚೆ 120. ಕಂದು ಬಣ್ಣದ್ದು ಅಲ್ಯುಮಿನಿಯಂ ಆಕ್ಸೈಡ್, ಅಗ್ಗ. ನೀಲಿ ಬಣ್ಣದಲ್ಲಿ ಬರುವುದು ಹೆಚ್ಚಾಗಿ ಜಿರ್ಕೋನಿಯಾ, ಬೆಲೆ ಜಾಸ್ತಿ, ಆದರೆ ಬಾಳಿಕೆ ನೋಡಿದರೆ ಅದೇ ಲಾಭ. ಸ್ಟೀಲ್ ಕೆಲಸ, ಅಂದರೆ ಸ್ಟೇನ್‌ಲೆಸ್ ಸ್ಟೀಲ್ ಮಾಡುವುದಿದ್ದರೆ ಅದಕ್ಕೆ ಬೇರೆ ಡಿಸ್ಕ್ ಇಟ್ಟುಕೊಳ್ಳಿ. ಕಬ್ಬಿಣಕ್ಕೆ ಬಳಸಿದ ಡಿಸ್ಕನ್ನೇ ಸ್ಟೀಲಿಗೆ ಹಾಕಿದರೆ ಕಬ್ಬಿಣದ ಪುಡಿ ಅದರ ಮೈಗೆ ಹತ್ತಿಕೊಂಡು ಆಮೇಲೆ ತುಕ್ಕಿನ ಚುಕ್ಕಿ ಏಳುತ್ತದೆ. ಸ್ಟೀಲ್ ರೇಲಿಂಗಿನ ಮೇಲೆ ಕಂದು ಚುಕ್ಕಿ ನೋಡಿ "ಸ್ಟೀಲೇ ಡೂಪ್ಲಿಕೇಟ್" ಅಂತ ಜಗಳ ಆಡುವವರಿದ್ದಾರಲ್ಲ, ಎಷ್ಟೋ ಸಲ ತಪ್ಪು ಡಿಸ್ಕಿನದು.

ಮಿಷಿನ್ ಎಲ್ಲಿ ತಗೊಳ್ಳಬೇಕು? ಬೆಂಗಳೂರಿನವರಿಗೆ ನನ್ನ ಉತ್ತರ ಎಸ್‌ಜೆಪಿ ರೋಡ್. ಎಲೆಕ್ಟ್ರಾನಿಕ್ಸಿಗೆ ಎಸ್‌ಪಿ ರೋಡ್ ಇದ್ದ ಹಾಗೆ ಪವರ್ ಟೂಲ್ಸಿಗೆ ಎಸ್‌ಜೆಪಿ ರೋಡ್. ಗಾಡಿಯಲ್ಲಿ ಹೋಗಬೇಡಿ, ನಿಲ್ಲಿಸಲು ಜಾಗವೇ ಇಲ್ಲ. ಮೆಟ್ರೋ ಹಸಿರು ಮಾರ್ಗದಲ್ಲಿ ಕೆ.ಆರ್. ಮಾರ್ಕೆಟ್ ಸ್ಟೇಷನ್ನಿನಲ್ಲಿ ಇಳಿದು ನಡೆದರೆ ಸಾಕು. ನಾನು ಹೋಗುವ ಅಂಗಡಿ ತೀರಾ ಕಿರಿದು, ಒಳಗೆ ಇಬ್ಬರು ನಿಂತರೆ ಮೂರನೆಯವರು ಮೆಟ್ಟಿಲ ಮೇಲೆ. ಆದರೆ ಅವರು ಪೆಟ್ಟಿಗೆ ಒಡೆದು ಮಿಷಿನ್ ಹೊರಗೆ ತೆಗೆದು ಕೌಂಟರಿನ ಮೇಲೇ ಓಡಿಸಿ ತೋರಿಸುತ್ತಾರೆ. ಇದನ್ನು ನೀವು ಎಲ್ಲೇ ತಗೊಂಡರೂ ಕೇಳಿ ಮಾಡಿಸಿಕೊಳ್ಳಬೇಕು. ವೀಲ್ ಹಾಕದೆ ಆನ್ ಮಾಡಿಸಿ. ಕಿವಿಗೊಟ್ಟು ಕೇಳಿ. ಒಂದೇ ಸಮನೆ ಕೂಗಬೇಕು, ಕಟಕಟ ಸದ್ದು ಬಂದರೆ ಗೇರ್ ಸರಿ ಕೂತಿಲ್ಲ ಅಂತ ಅರ್ಥ. ಆಫ್ ಮಾಡಿದ ಮೇಲೆ ನಿಧಾನವಾಗಿ ನಿಲ್ಲಬೇಕು, ತಟ್ಟನೆ ಕಚ್ಚಿ ನಿಲ್ಲಬಾರದು. ಆಮೇಲೆ ಪ್ಲಗ್ ತೆಗೆಸಿ, ಸ್ಪಿಂಡಲ್ ಹಿಡಿದು ಅಲ್ಲಾಡಿಸಿ ನೋಡಿ, ಆಟ ಇರಬಾರದು. ಗಾರ್ಡ್, ಪಕ್ಕದ ಹಿಡಿ, ಎರಡು ಮೊನೆಯ ಸ್ಪ್ಯಾನರ್ ಪೆಟ್ಟಿಗೆಯಲ್ಲಿ ಇದೆಯಾ ಎಣಿಸಿಕೊಳ್ಳಿ. ಜಿಎಸ್‌ಟಿ ಬಿಲ್ ಕೇಳಿ, ವಾರಂಟಿಗೆ ಅದೇ ಆಧಾರ. ಬಿಲ್ ಇಲ್ಲದೆ ನೂರು ರೂಪಾಯಿ ಕಮ್ಮಿ ಅಂದರೆ ಬೇಡ ಅನ್ನಿ.

ಆನ್‌ಲೈನಿನಲ್ಲಿ ಬ್ರಾಂಡೆಡ್ ಮಿಷಿನ್ ತಗೊಂಡರೆ ತೊಂದರೆ ಇಲ್ಲ, ಬೆಲೆ ಒಮ್ಮೊಮ್ಮೆ ಅಂಗಡಿಗಿಂತ ಕಮ್ಮಿಯೇ ಇರುತ್ತದೆ. ವೀಲ್ ಮಾತ್ರ ಕಣ್ಣಾರೆ ನೋಡಿ ತಗೊಳ್ಳಿ. ಜೊತೆಗೆ "ಗ್ರೈಂಡರ್, ಡ್ರಿಲ್, ನೂರೆಂಟು ಸಾಮಾನು ಸೇರಿ ಮೂರು ಸಾವಿರ" ಅನ್ನುವ ಕಾಂಬೋ ಪೆಟ್ಟಿಗೆಗಳಿಂದ ದೂರ ಇರಿ. ಅದರಲ್ಲಿ ಬರುವ ಬಿಟ್‌ಗಳು ಕಬ್ಬಿಣ ಕಂಡರೆ ಮೊಂಡಾಗುತ್ತವೆ.

ನಮ್ಮ ಕಡೆ ಬಹಳ ಮುಖ್ಯವಾದ, ಆದರೆ ಯಾವ ರಿವ್ಯೂನಲ್ಲೂ ಸರಿಯಾಗಿ ಹೇಳದ ಒಂದು ವಿಷಯ ಸ್ವಿಚ್. ಹೆಚ್ಚಿನ ನಾಲ್ಕಿಂಚಿನ ಮಿಷಿನ್‌ಗಳಲ್ಲಿ ಮುಂದಕ್ಕೆ ತಳ್ಳಿದರೆ ಅಲ್ಲೇ ಲಾಕ್ ಆಗಿ ನಿಲ್ಲುವ ಸ್ವಿಚ್ ಇರುತ್ತದೆ. ಕೆಲಸದ ಮಧ್ಯೆ ಕರೆಂಟ್ ಹೋಗುತ್ತದೆ. ನೀವು ಮಿಷಿನ್ ಕೆಳಗಿಟ್ಟು ಕಾಫಿಗೆ ಹೋಗುತ್ತೀರಿ. ಸ್ವಿಚ್ ಆನ್‌ನಲ್ಲೇ ಇದೆ. ಕರೆಂಟ್ ಬಂತು ಅಂದರೆ ನೆಲದ ಮೇಲಿನ ಮಿಷಿನ್ ತಾನಾಗಿ ತಿರುಗಿ ಹಾರಾಡುತ್ತದೆ, ಮನೆಯಲ್ಲಿ ಮಕ್ಕಳಿದ್ದರೆ ಯೋಚನೆ ಮಾಡಿ. ಕರೆಂಟ್ ಹೋದ ತಕ್ಷಣ ಪ್ಲಗ್ ಕೀಳುವ ಅಭ್ಯಾಸ ಮಾಡಿಕೊಳ್ಳಿ. ಇನ್ನು ಸ್ವಲ್ಪ ದುಡ್ಡು ಹಾಕುವ ಹಾಗಿದ್ದರೆ ಕೈ ಬಿಟ್ಟರೆ ನಿಲ್ಲುವ ಪ್ಯಾಡಲ್ ಸ್ವಿಚ್ ಇರುವ ಮಾಡೆಲ್ ತಗೊಳ್ಳಿ. ಸ್ಪೀಡ್ ಹೆಚ್ಚು ಕಮ್ಮಿ ಮಾಡುವ ಮಾಡೆಲ್‌ಗಳೂ ಬರುತ್ತವೆ. ಪಾಲಿಶ್, ವೈರ್ ಬ್ರಷ್ ಕೆಲಸ ಜಾಸ್ತಿ ಇರುವವರಿಗೆ ಅದು ಉಪಯೋಗ.

ಕಣ್ಣಿಗೆ ಬರೀ ಗಾಗಲ್ ಸಾಲದು, ಮುಖ ಪೂರ್ತಿ ಮುಚ್ಚುವ ಶೀಲ್ಡ್ ಬೇಕು. ಎರಡೂ ಸೇರಿ ಐನೂರು ರೂಪಾಯಿ ಒಳಗೆ ಬರುತ್ತದೆ. ಕಿವಿಗೆ ಪ್ಲಗ್, ಮೂಗಿಗೆ ಎನ್95. ಹತ್ತಿ ಬಟ್ಟೆ ಹಾಕಿ, ನೈಲಾನ್ ಟೀ ಶರ್ಟಿಗೆ ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಗಾರ್ಡ್ ಬಿಚ್ಚಬೇಡಿ. ಸತುವಿನ ಲೇಪ ಇರುವ ಜಿಐ ಪೈಪ್ ಇದ್ದರೆ ಬಯಲಲ್ಲಿ, ಮಾಸ್ಕ್ ಹಾಕಿ ತಿಕ್ಕಿ, ಅದರ ಸತುವಿನ ಪುಡಿ ಹೊಗೆ ಒಳ್ಳೆಯದಲ್ಲ.

ಕಿಡಿ ಎತ್ತ ಹೋಗುತ್ತಿದೆ ಅಂತ ಮೊದಲೇ ನೋಡಿಕೊಳ್ಳಿ. ಸ್ಕೂಟರ್, ಸಿಲಿಂಡರ್, ಒಣಹಾಕಿದ ಬಟ್ಟೆ ಆ ಕಡೆ ಇರಬಾರದು ಅನ್ನುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಟೈಲ್ಸ್ ಮತ್ತು ಗಾಜಿನ ಕತೆ. ಬಾಲ್ಕನಿಯ ಟೈಲ್ಸಿನ ಮೇಲೆ ಬಿದ್ದ ಕಿಡಿ ಅಲ್ಲೇ ಕರಗಿ ಅಂಟಿಕೊಳ್ಳುತ್ತದೆ. ಆಗ ಏನೂ ಕಾಣುವುದಿಲ್ಲ. ನೆಲ ಒರೆಸಿದ ಮೇಲೆ, ಮರುದಿನ ನೋಡಿದರೆ ಸಾಸಿವೆ ಗಾತ್ರದ ಕಂದು ಚುಕ್ಕಿಗಳು ಉದ್ದಕ್ಕೂ ಎದ್ದಿರುತ್ತವೆ. ಕಿಟಕಿ ಗಾಜು, ಕಾರಿನ ಗಾಜಿಗಂತೂ ಕಿಡಿ ಒಳಗೇ ಇಳಿದು ಕೂತು ಕೈ ಸವರಿದರೆ ಮರಳು ಮರಳು ಅನ್ನಿಸುತ್ತದೆ, ಅದು ಹೋಗುವುದೇ ಇಲ್ಲ. ಹಳೆಯ ಗೋಣಿಚೀಲ ನೆನೆಸಿ ಹಾಸಿ, ಕಿಡಿ ಹಾರುವ ಕಡೆ ಒಂದು ತಗಡು ನಿಲ್ಲಿಸಿ. ಅಪಾರ್ಟ್‌ಮೆಂಟಿನವರಾದರೆ ಸದ್ದಿನ ಬಗ್ಗೆ ಅಕ್ಕಪಕ್ಕದವರಿಗೆ ಮೊದಲೇ ಒಂದು ಮಾತು ಹೇಳಿ, ಮಧ್ಯಾಹ್ನ ಮಲಗುವ ಹೊತ್ತಲ್ಲಿ ಬೇಡ.

ಎರಡನೇ ಮಿಷಿನ್ ಅಂತ ತಗೊಳ್ಳುವುದಾದರೆ ಆರಿಂಚಿನ ಬೆಂಚ್ ಗ್ರೈಂಡರ್. ಡ್ರಿಲ್ ಬಿಟ್, ಉಳಿ, ಮಚ್ಚು, ಕತ್ತರಿ ಸಾಣೆ ಹಿಡಿಯಲು ಇದು ಬೇಕು. ಇದು ನಿಮಿಷಕ್ಕೆ 2,850 ಸುತ್ತಿನ ಹತ್ತಿರ ತಿರುಗುತ್ತದೆ, ಎರಡೂ ಕೈ ಖಾಲಿ ಇರುತ್ತದೆ, ಹಾಗಾಗಿ ಸಣ್ಣ ಕೆಲಸಕ್ಕೆ ಹಿಡಿತ ಚೆನ್ನಾಗಿ ಸಿಗುತ್ತದೆ. 150 ವಾಟಿನದು ಅಗ್ಗ, ಆದರೆ ಸ್ವಲ್ಪ ಒತ್ತಿದರೆ ನಿಂತೇ ಬಿಡುತ್ತದೆ. 250 ವಾಟಿನದು, ಇಲ್ಲವೇ ಅದಕ್ಕಿಂತ ಬಲವಾದ ಅರ್ಧ ಎಚ್‌ಪಿಯದು ನೋಡಿ, ಮೂರು ನಾಲ್ಕು ಸಾವಿರದ ಒಳಗೆ ಸಿಗುತ್ತದೆ. ಸಾಮಾನು ಆನಿಸಿ ಹಿಡಿಯುವ ಟೂಲ್ ರೆಸ್ಟ್ ತೆಳು ತಗಡಿನದಾಗಿರಬಾರದು. ಅದು ವೀಲಿಗೆ 3 ಎಂಎಂಗಿಂತ ದೂರ ಇರದ ಹಾಗೆ ಹೊಂದಿಸಿ, ಇಲ್ಲದಿದ್ದರೆ ಸಾಮಾನು ಸಂದಿಗೆ ಸಿಕ್ಕಿ ಎಳೆದುಕೊಳ್ಳುತ್ತದೆ. ಹೊಸ ವೀಲ್ ಹಾಕುವ ಮುಂಚೆ ಅದನ್ನು ಬೆರಳಿಗೆ ನೇತು ಹಾಕಿ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಟಣ್ ಅಂದರೆ ಸರಿ. ದಬ್ ಅಂದರೆ ಒಳಗೆ ಬಿರುಕಿದೆ, ಹಾಕಬೇಡಿ. ಉಳಿ ಹಿಡಿಯುವಾಗ ಪಕ್ಕದಲ್ಲಿ ನೀರಿನ ಡಬ್ಬ ಇರಲಿ, ಆಗಾಗ ಅದ್ದಿ. ತುದಿ ನೀಲಿ ತಿರುಗಿದರೆ ಹದ ಹೋಯಿತು ಅಂತಲೇ. ಅಲ್ಯುಮಿನಿಯಂ ಮಾತ್ರ ಈ ವೀಲಿಗೆ ಹಿಡಿಯಬೇಡಿ, ಕಣಗಳ ಸಂದಿಯಲ್ಲಿ ಮೆತ್ತಿಕೊಂಡು ವೀಲ್ ಕಾದು ಒಡೆಯಬಹುದು.

ಆರ್ಬಿಟಲ್ ಸ್ಯಾಂಡರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಳ್ಳೆಯ ಮಿಷಿನ್, ಮರಗೆಲಸದವರಿಗೆ. ವೆಲ್ಡಿಂಗ್ ಗಂಟಿನ ಮೇಲೆ ಅದು ಕೂತು ಅದುರುತ್ತದೆ ಅಷ್ಟೇ. ದೊಡ್ಡ ತಗಡಿಗೆ ಪೇಂಟ್ ಮಾಡುವ ಮುಂಚಿನ ನುಣುಪಿಗೆ ಬೇಕಾದರೆ ಆಮೇಲೆ ನೋಡಿಕೊಳ್ಳಿ.

ಬೆಲ್ಟ್ ಸ್ಯಾಂಡರ್ ಬೇರೆ ಮಾತು. ಚಾಕು ಮಾಡುವವರಿಗೆ, ಉದ್ದದ ಅಂಚು ನೇರ ಬರಬೇಕು ಅನ್ನುವವರಿಗೆ ಅದಕ್ಕೆ ಸಾಟಿ ಇಲ್ಲ. ಆಂಗಲ್ ಗ್ರೈಂಡರಿಗೆ ಸಿಕ್ಕಿಸುವ ಅಗ್ಗದ ಬೆಲ್ಟ್ ಅಟ್ಯಾಚ್‌ಮೆಂಟ್ ಸಿಗುತ್ತದೆ, ಪೂರ್ತಿ ಸ್ಪೀಡಿನಲ್ಲಿ ಬೆಲ್ಟ್ ಪಕ್ಕಕ್ಕೆ ಜಾರುತ್ತದೆ, ಲೋಹ ಬೇಗ ಕಾಯುತ್ತದೆ. ಸ್ಪೀಡ್ ಕಮ್ಮಿ ಮಾಡುವ ಗ್ರೈಂಡರ್ ಇದ್ದವರು ಮಾತ್ರ ಅದನ್ನು ಯೋಚಿಸಿ. ಫ್ಯಾನ್ ರೆಗ್ಯುಲೇಟರ್ ಕಟ್ಟಿ ಸ್ಪೀಡ್ ಇಳಿಸುವ ಐಡಿಯಾ ಯಾರಾದರೂ ಕೊಟ್ಟರೆ ಕೇಳಬೇಡಿ, ಅದು ಅಷ್ಟು ಕರೆಂಟ್ ತಡೆಯುವುದಿಲ್ಲ. ಬೆಂಚ್ ಮೇಲೆ ಕೂರುವ ಒಂದು ಇಂಚು ಅಗಲದ ಬೆಲ್ಟ್ ಮಿಷಿನ್ ಸಣ್ಣ ಕೆಲಸಕ್ಕೆ ಚೆನ್ನ. ಬೆಲ್ಟ್ ಅಳತೆ ಸಿಗದಿದ್ದರೆ ಗಾಬರಿ ಬೇಡ. ಅಬ್ರೇಸಿವ್ ಅಂಗಡಿಗಳಲ್ಲಿ ಕೆಲವರು ಅಳತೆ ಕೊಟ್ಟರೆ ರೋಲಿನಿಂದ ಕತ್ತರಿಸಿ ಜಾಯಿಂಟ್ ಮಾಡಿಯೇ ಕೊಡುತ್ತಾರೆ.

ಸೆಕೆಂಡ್ ಹ್ಯಾಂಡ್ ವಿಷಯದಲ್ಲಿ ಎರಡು ಬಗೆ. ಆಂಗಲ್ ಗ್ರೈಂಡರ್ ಹಳೆಯದು ಬೇಡ, ಅದರ ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ತಂತಿ ಸುತ್ತಿದ ಭಾಗ) ಎಷ್ಟು ಬೆಂದಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಬೆಂಚ್ ಗ್ರೈಂಡರ್ ಮಾತ್ರ ಹಳೆಯದಾದರೂ ಧಾರಾಳವಾಗಿ ತಗೊಳ್ಳಿ. ಪೀಣ್ಯದಂಥ ಕಡೆ ಮುಚ್ಚಿದ ವರ್ಕ್‌ಶಾಪ್‌ಗಳಿಂದ ಹೊರಬರುವ ಎರಕದ ಮೈಯ ಭಾರದ ಮಿಷಿನ್‌ಗಳು ಹೊಸ ಅಗ್ಗದವುಗಳಿಗಿಂತ ಎಷ್ಟೋ ಮೇಲು. ಪ್ಲಗ್ ತೆಗೆದು ಕೈಯಲ್ಲಿ ತಿರುಗಿಸಿ, ಬೇರಿಂಗ್ ಸದ್ದು ಕೇಳಿ, ಶಾಫ್ಟ್ ಅಲ್ಲಾಡುತ್ತಿಲ್ಲ ಅಂತ ನೋಡಿ. ಅದರ ಜೊತೆ ಬಂದ ಹಳೆಯ ವೀಲ್ ಎರಡನ್ನೂ ಎಸೆದು ಹೊಸದು ಹಾಕಿಕೊಂಡೇ ಸ್ವಿಚ್ ಒತ್ತಿ.